ಐವತ್ತನಾಲ್ಕರ ಆಚೆಯ ದಿನ

ಹೊಂಕಾವಾರ, ಉತ್ತರ ಕರೇಲಿಯಾ
17 ಜನವರಿ 1988

ಪ್ರೀತಿಯ ಇಲ್ತಾ,

ನಾಲ್ಕು ವರ್ಷದ ಮೇಲೆ ನನ್ನ ಕೈಬರಹ ಕಂಡು ಎದೆ ಒಡೆದುಕೊಳ್ಳಬೇಡ. ಯಾರೂ ಸತ್ತಿಲ್ಲ. ಯಾರೂ ಸಾಯದಿರಲಿ ಎಂದೇ ಬರೆಯುತ್ತಿದ್ದೇನೆ.

ಅಮ್ಮನನ್ನು ಮಣ್ಣು ಮಾಡಿದ ಮರುದಿನ ನೀನು ಮುಖ ತಿರುಗಿಸಿಕೊಂಡು ಸ್ವೀಡನ್ನಿನ ಹಡಗು ಹತ್ತಿದೆ. ಆಮೇಲೆ ನಾನಾಗಿ ಒಂದು ಸಾಲು ಬರೆದವಳಲ್ಲ. ಎರಡು ಕ್ರಿಸ್‌ಮಸ್‌ಗಳ ಹಿಂದೆ ನೀನು ಕಳಿಸಿದ ಪೊಟ್ಟಣ ಬಂತು. ಮೇಲೆ ಅಂಟಿಸಿದ್ದ ಚೀಟಿ ಓದಿ ಅದನ್ನು ಬೀರುವಿನ ಮೇಲೆ ಎಸೆದೆ. ಈಗಲೂ ಅಲ್ಲೇ ಇದೆ. ಇವತ್ತು ಆ ಮಾತು ಬೇಡ.

ಹೋದ ವಾರ ಶಾಲೆಯಲ್ಲಿ ಊರಿನವರಿಗೆಲ್ಲ ರಕ್ತ ಪರೀಕ್ಷೆ ನಡೆಯಿತು. ನಮ್ಮ ಕಡೆಯ ಗಂಡಸರು ಎದೆ ಹಿಡಿದುಕೊಂಡು ಬೀಳುವುದನ್ನು ನಿಲ್ಲಿಸಲು ಡಾಕ್ಟರುಗಳು ಹದಿನೈದು ವರ್ಷದಿಂದ ಹಳ್ಳಿ ಹಳ್ಳಿ ಸುತ್ತುತ್ತಿರುವುದು ನಿನಗೆ ಗೊತ್ತೇ ಇದೆ. ಅಷ್ಟೂ ವರ್ಷ ನಿನ್ನ ಭಾವ ತೌನೊ ಪರೀಕ್ಷೆಯ ದಿನ ನೋಡಿಕೊಂಡೇ ಮರ ಕಡಿಯಲು ಹೋಗುತ್ತಿದ್ದರು. ಈ ಸಲ ಹಿಮ ಬಿದ್ದು ಕಾಡಿನ ದಾರಿ ಮುಚ್ಚಿತ್ತು, ಸಿಕ್ಕಿಬಿದ್ದರು. ಕೊಲೆಸ್ಟ್ರಾಲ್ ಒಂಬತ್ತು ಪಾಯಿಂಟ್ ಒಂದು. ಐದರ ಹತ್ತಿರ ಇರಬೇಕಂತೆ. ನರ್ಸ್ ಕೈಸು ಎಲ್ಲರೆದುರೇ ವಿಚಾರಣೆಗೆ ಕೂತಳು.

"ಯಜಮಾನ್ರೇ, ಬೆಳಿಗ್ಗೆ ಏನ್ ತಿಂತೀರಾ?"

"ರೊಟ್ಟಿ."

"ರೊಟ್ಟಿ ಮೇಲೆ?"

"ಬೆಣ್ಣೆ."

"ಎಷ್ಟು?"

"ಕಚ್ಚಿದ್ರೆ ಹಲ್ಲಿನ ಗುರುತು ಮೂಡೋಷ್ಟು."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಇವರ ಅಪ್ಪ ಐವತ್ತೊಂದಕ್ಕೆ ಹೋದರು. ದೊಡ್ಡಣ್ಣ ನಲವತ್ತೆಂಟಕ್ಕೆ. ಚಿಕ್ಕಣ್ಣ ವೇಯ್ಕೊ ಐವತ್ತಮೂರಕ್ಕೆ, ಕಾಡಿನಲ್ಲಿ, ಗರಗಸ ಕೈಯಲ್ಲಿರುವಾಗಲೇ. ಆ ಮನೆಯಲ್ಲಿ ಐವತ್ತನಾಲ್ಕು ಕಂಡ ಗಂಡಸಿಲ್ಲ. ಬರುವ ಆಗಸ್ಟ್ ಹದಿನಾಲ್ಕಕ್ಕೆ ತೌನೊಗೆ ಐವತ್ತನಾಲ್ಕು ತುಂಬಬೇಕು.

ಡಾಕ್ಟರು ಜೂನಿನ ನಡುಬೇಸಿಗೆ ಹಬ್ಬದವರೆಗೆ ಗಡುವು ಕೊಟ್ಟಿದ್ದಾರೆ. ಊಟ ಬದಲಿಸಿ, ಸಿಗರೇಟು ಬಿಟ್ಟು, ದಿನಾ ಮೈ ದಣಿಸಿ ಏಳಕ್ಕಿಂತ ಕೆಳಗೆ ತಂದರೆ ಹಾಗೇ ಮುಂದುವರಿಸುವುದು. ಆಗದಿದ್ದರೆ ಮಾತ್ರೆ. ಮಾತ್ರೆ ಎಂದರೆ ಇವರು ಗೋಡೆಗೆ ಮುಖ ಮಾಡುತ್ತಾರೆ. "ವೇಯ್ಕೊನ ಹೊತ್ಕೊಂಡು ಬಂದಾಗ ಅವನ ಜೇಬಲ್ಲಿ ಮಾತ್ರೆ ಶೀಶೆ ಇತ್ತು ಕಣೆ. ತುಂಬಿದ್ದು. ಮುಚ್ಚಳ ತೆಗೆದಿರ್ಲಿಲ್ಲ," ಎನ್ನುತ್ತಾರೆ. ತೆಗೆಯದ ಶೀಶೆಯದೇನು ತಪ್ಪು ಎಂದು ಕೇಳಿದರೆ ಸೌದೆ ಒಡೆಯಲು ಹೋಗುತ್ತಾರೆ.

ನಿನಗೆ ಯಾಕೆ ಬರೆಯುತ್ತಿದ್ದೇನೆಂದರೆ, ಚಿಕ್ಕವಳಿದ್ದಾಗ ಗೋಡೆ ಗಡಿಯಾರ ಬಿಚ್ಚಿ ಒಳಗೇನಿದೆ ಎಂದು ನೋಡಿದವಳು ನೀನು. ನನಗೆ ಹೇಳಿದ್ದನ್ನು ಮಾಡಲು ಬರುತ್ತದೆ, ಪ್ರಶ್ನೆ ಕೇಳಲು ಬರುವುದಿಲ್ಲ. ಪ್ರಶ್ನೆ ಕೇಳುವವರೊಬ್ಬರು ಬೇಕಾಗಿದ್ದಾರೆ.

ನಿನ್ನ ಅಕ್ಕ
ಸೈಮಿ


ಬೊರೋಸ್, ಸ್ವೀಡನ್
2 ಫೆಬ್ರವರಿ 1988

ಅಕ್ಕಾ,

ಕಾಗದ ತಲುಪಿತು. ಒಡೆಯುವ ಮುಂಚೆ ಮೂರು ದಿನ ಮೇಜಿನ ಮೇಲಿಟ್ಟುಕೊಂಡಿದ್ದೆ.

ಭಾವ ಬದುಕಬೇಕು. ನಮ್ಮ ಜಗಳ ಆಮೇಲೆ ನೋಡೋಣ.

ಪ್ರಶ್ನೆ ಕೇಳು ಎಂದೆಯಲ್ಲ, ಕೇಳುತ್ತೇನೆ. ನಿನ್ನ ಅಂಕಿ ಎಷ್ಟು? ಅದನ್ನು ಬರೆದೇ ಇಲ್ಲ ನೀನು. ನಮ್ಮ ನೇಯ್ಗೆ ಗಿರಣಿಯ ಡಾಕ್ಟರು ನನ್ನದನ್ನೂ ನೋಡಿದ್ದರು, ಐದು ಪಾಯಿಂಟ್ ಒಂಬತ್ತು. ಹಾಗೆಂದು ನಾನೇನೂ ವ್ರತ ಹಿಡಿದವಳಲ್ಲ. ಬೆಣ್ಣೆ ತಿನ್ನುತ್ತೇನೆ, ಭಾನುವಾರ ಹಂದಿಮಾಂಸ ಹುರಿಯುತ್ತೇನೆ. ನಿನ್ನದು ಹೆಚ್ಚಿದ್ದರೆ ಯಾಕೆ ಹೆಚ್ಚು? ಇಬ್ಬರೂ ಒಂದೇ ಹಸುವಿನ ಹಾಲು ಕುಡಿದು ಬೆಳೆದವರು.

ಒಂದು ಕೆಲಸ ಮಾಡು. ನೀವಿಬ್ಬರೂ ಒಂದು ವಾರ ಬಾಯಿಗೆ ಹಾಕಿದ್ದನ್ನೆಲ್ಲ ಬರೆದು ಕಳಿಸು. ನಾನೂ ನನ್ನದನ್ನು ಬರೆದು ಕಳಿಸುತ್ತೇನೆ. ಸುಳ್ಳು ಬರೆಯಬೇಡ.

ಇಲ್ತಾ

ಪೊಟ್ಟಣದ ವಿಷಯ ನೀನೇ ಎತ್ತಿದ್ದು, ನಾನಲ್ಲ.


ಹೊಂಕಾವಾರ
6 ಮಾರ್ಚ್ 1988

ಪ್ರೀತಿಯ ಇಲ್ತಾ,

ನನ್ನದು ಆಗಲೂ ಈಗಲೂ ಏಳು ಪಾಯಿಂಟ್ ಆರು. ಮನೆಯಲ್ಲಿ ಒಂಬತ್ತಿರುವಾಗ ಏಳರ ಮಾತು ಯಾರು ಆಡುತ್ತಾರೆ?

ಪಟ್ಟಿ ಲಗತ್ತಿಸಿದ್ದೇನೆ, ಒಂದು ಪ್ರತಿ ಕೈಸುಗೂ ಕೊಟ್ಟೆ. ಓದಿದರೆ ನಮ್ಮ ಮನೆಯದೆಂದು ನೀನು ನಂಬಲಾರೆ. ಹಂದಿಕೊಬ್ಬಿನ ಗೊಜ್ಜು ನಿಂತಿದೆ. ಆಲೂಗಡ್ಡೆಯ ಜೊತೆ ಈಗ ಕೆರೆಮೀನು, ಅದೂ ಎಣ್ಣೆಯಲ್ಲಿ ಬೇಯಿಸಿದ್ದು. ಬಟಾಣಿ ಸಾರಿಗೆ ಮಾಂಸದ ತುಂಡಿಲ್ಲ. ಬೆಳಿಗ್ಗೆ ಓಟ್ಸ್ ಗಂಜಿ, ಮೇಲೆ ಬೆಣ್ಣೆಯ ಮುದ್ದೆಯ ಬದಲು ಕಾಡಿನ ಕೆಂಪು ಹಣ್ಣು. ರೈ ಧಾನ್ಯದ ಕಪ್ಪು ರೊಟ್ಟಿಯನ್ನು ಮಾತ್ರ ಯಾರೂ ಕಿತ್ತುಕೊಳ್ಳಲಿಲ್ಲ, ಅದು ಒಳ್ಳೆಯದಂತೆ. ಕೆನೆ ತೆಗೆದ ಹಾಲನ್ನು ತೌನೊ ಲೋಟದಲ್ಲಿ ಎತ್ತಿ ಹಿಡಿದು ನೋಡಿ, "ಇದರಾಚೆ ಕಿಟಕಿ ಕಾಣ್ತಿದೆ ಕಣೆ," ಎಂದರು. ಹನ್ನೊಂದು ಹಸು ಕಟ್ಟಿಕೊಂಡು ಹೀಗೆ ಕುಡಿಯಬೇಕಲ್ಲ! ಪಕ್ಕದ ಮನೆಯ ಹೆಲ್ವಿ ಬೇಲಿಯಿಂದಲೇ ಕೂಗುತ್ತಾಳೆ: "ಸೈಮಿ, ನಿಮ್ಮನೆ ಹಸುಗಳು ಬೇಜಾರ್ ಮಾಡ್ಕೊಂಡಿವೆಯಂತೆ, ಹೋಗಿ ಸಮಾಧಾನ ಹೇಳೇ!"

ಸಿಗರೇಟು ಬಿಟ್ಟಿದ್ದಾರೆ. ಮಧ್ಯಾಹ್ನ ದಿನವೂ ಎರಡು ಗಂಟೆ ಹಿಮದ ಮೇಲೆ ಸ್ಕೀ ಕಟ್ಟಿಕೊಂಡು ಹೋಗುತ್ತಾರೆ. ಮೊದಲು ಗೊಣಗಿದರು, ಈಗ ಅವರಿಗೇ ಕುತೂಹಲ ಹತ್ತಿದೆ. ಪರೀಕ್ಷೆಯ ಅಂಕಿಯನ್ನು ಹಬೆಸ್ನಾನದ ಸೌನಾ ಮನೆಯ ಬಾಗಿಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಾರೆ. ಒಂಬತ್ತು ಒಂದರ ಕೆಳಗೆ ಈಗ ಏಳು ಒಂಬತ್ತು.

ಇಳಿದಿದೆ ನಿಜ. ಆದರೆ ಇಷ್ಟೆಲ್ಲ ಮಾಡಿದ್ದಕ್ಕೆ ಇನ್ನೂ ಇಳಿಯಬೇಕಿತ್ತು ಎನ್ನುತ್ತಾಳೆ ಕೈಸು. "ಎಲ್ಲೋ ಏನೋ ಸೋರ್ತಿದೆ, ಸೈಮಕ್ಕ. ಸರಿಯಾಗಿ ನೋಡಿ," ಎಂದು ಹೇಳಿ ಹೋದಳು.

ಇಲ್ತಾ, ನನಗೆ ಗೊತ್ತು ಎಲ್ಲಿ ಸೋರುತ್ತಿದೆ ಎಂದು. ಎರಡು ಗಂಟೆ ಯಾರು ಸ್ಕೀ ಮಾಡುತ್ತಾರೆ? ದಾರಿಯಲ್ಲಿ ಹೆಲ್ವಿಯ ಮನೆಯಿದೆ. ಅವಳ ಅಡುಗೆಮನೆಯಲ್ಲಿ ಬೆಣ್ಣೆಗೇನು ಬರವೇ? ಬೆಣ್ಣೆ ಡಬ್ಬಿಯ ಮೇಲೆ ಚಾಕುವಿನಿಂದ ಗುರುತು ಮಾಡಿಟ್ಟಿದ್ದೇನೆ, ಮನೆಯದು ಕದಲಿಲ್ಲ. ಹಾಗಾದರೆ ಹೊರಗಿನದೇ. ನೇರವಾಗಿ ಕೇಳಿಯೂ ಬಿಟ್ಟೆ.

"ನಿಜ ಹೇಳ್ರಿ. ಎಲ್ಲಿ ತಿಂತಿದೀರಾ?"

"ನಾನಾ? ಎಲ್ಲೂ ಇಲ್ಲ."

"ಹೆಲ್ವಿ ಮನೇಲಿ?"

ಅವರು ಚಮಚ ಕೆಳಗಿಟ್ಟು ಎದ್ದು ಹೋದರು. ಐದು ದಿನವಾಯಿತು, ಬಾಯಿಗೆ ಬೀಗ ಹಾಕಿಕೊಂಡಿದ್ದಾರೆ. ಸಾಯುವ ಗಂಡಸರು ಯಾಕೆ ಹೀಗೆ ಹಠ ಮಾಡುತ್ತಾರೆ ಹೇಳು. ನನಗೆ ಭಯವಾಗಿದೆ.

ಸೈಮಿ


ಬೊರೋಸ್
20 ಮಾರ್ಚ್ 1988

ಅಕ್ಕಾ,

ಪಟ್ಟಿ ಓದಿದೆ. ನನ್ನದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದೆ. ತಮಾಷೆ ನೋಡು, ನಿನ್ನ ಪಟ್ಟಿ ಆಸ್ಪತ್ರೆಯದರಂತಿದೆ, ನನ್ನದು ಮದುವೆ ಮನೆಯದು. ಆದರೂ ನನ್ನದು ಐದು ಒಂಬತ್ತು, ನಿನ್ನದು ಏಳು ಆರು. ಭಾವನ ರಕ್ತ ಬೇರೆ, ಅವರ ಮನೆತನವೇ ಹಾಗೆ ಎನ್ನಬಹುದು. ನೀನು ಹೆಲ್ವಿಯ ಮನೆಗೆ ಹೋಗಿ ಕದ್ದು ತಿನ್ನುತ್ತಿಲ್ಲವಷ್ಟೆ? ಹಾಗಾದರೆ ನಿನ್ನದು ಯಾಕೆ ಇಳಿಯುವುದಿಲ್ಲ?

ನಿಮ್ಮ ಮನೆಯಲ್ಲಿ ಇನ್ನೇನೋ ಇದೆ. ಪಟ್ಟಿಯಲ್ಲಿ ಬರದೇ ಇರುವಂಥದ್ದು. ನಾನೂ ಯೋಚಿಸುತ್ತಿದ್ದೇನೆ, ಮಗ್ಗದ ಮುಂದೆ ನಿಂತಾಗಲೂ ಅದೇ ತಲೆಯಲ್ಲಿ.

ಇನ್ನೊಂದು ಮಾತು. ಭಾವನನ್ನು ಕಳ್ಳನ ಹಾಗೆ ಕಾಯಬೇಡ. ನೀನು ಯಾವಾಗಲೂ ಹಾಗೆಯೇ. ನನ್ನ ಕೈಗೆ ಏನಾದರೂ ಸಿಕ್ಕಿಬಿಟ್ಟೀತೆಂದು ಅಮ್ಮನ ಮನೆಯ ಬೀರುವಿನ ಬೀಗದ ಕೈಯನ್ನು ಸೊಂಟದಲ್ಲೇ ಇಟ್ಟುಕೊಂಡವಳು ನೀನು.

ಇಲ್ತಾ


ಹೊಂಕಾವಾರ
17 ಏಪ್ರಿಲ್ 1988

ಪ್ರೀತಿಯ ಇಲ್ತಾ,

ನಿನ್ನ ಕೊನೆಯ ಮಾತಿಗೆ ಸಿಟ್ಟು ಬಂದು ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಈಗ ಬರೆಯದಿದ್ದರೆ ಹೊಟ್ಟೆ ಒಡೆಯುತ್ತದೆ.

ಮೊನ್ನೆ ಅವರು ಹೊರಟ ಮೇಲೆ ನಾನೂ ಸ್ಕೀ ಕಟ್ಟಿಕೊಂಡು ಹಿಂದೆ ಹೋದೆ. ಐವತ್ತೆರಡನೇ ವಯಸ್ಸಿನಲ್ಲಿ ಗಂಡನ ಹಿಂದೆ ಪತ್ತೇದಾರಿ! ಹಿಮದ ಮೇಲೆ ಅವರ ಗೆರೆ ಹೆಲ್ವಿಯ ಮನೆಯ ಮುಂದೆ ನಿಲ್ಲದೆ ನೇರ ಹೋಗಿತ್ತು. ಕಾಡಿನೊಳಗೆ ಹೋಯಿತು. ವೇಯ್ಕೊ ಬಿದ್ದ ಜಾಗ ನಿನಗೆ ನೆನಪಿದೆಯೋ ಇಲ್ಲವೋ, ಅವನು ಅರ್ಧ ಕೊಯ್ದ ಪೈನ್ ಮರವನ್ನು ಆಮೇಲೆ ಇವರೇ ಕಡಿದು ಉರುಳಿಸಿದ್ದರು. ಆ ಬುಡದ ಮೇಲೆ ಕೂತಿದ್ದರು. ಪಕ್ಕದಲ್ಲಿ ನಾನೇ ತುಂಬಿ ಕೊಟ್ಟ ಕಾಫಿ ಫ್ಲಾಸ್ಕು, ಎರಡು ಲೋಟ. ಒಂದರಿಂದ ಕುಡಿಯುತ್ತಿದ್ದರು, ಇನ್ನೊಂದು ಹಿಮದ ಮೇಲೆ ಹಬೆಯಾಡುತ್ತಿತ್ತು.

ನನ್ನನ್ನು ಕಂಡು ಸಿಟ್ಟಾಗಲಿಲ್ಲ. ಜಾಗ ಬಿಟ್ಟು ಸರಿದು ಕೂತರು.

"ಬೆಣ್ಣೆ ಹುಡುಕ್ಕೊಂಡು ಬಂದ್ಯಾ?"

"ತಪ್ಪಾಯ್ತು ರೀ."

"ನಾನು ಇವನಿಗೆ ಲೆಕ್ಕ ಒಪ್ಪಿಸ್ತಿದ್ದೆ ಕಣೆ. ಇಷ್ಟಕ್ಕೆ ಇಳೀತು, ಆದ್ರೆ ಇನ್ನೂ ಇಳೀತಿಲ್ಲ ಅಂತ. ಅವನೇನು ಮಾಡಿದ್ದ, ನಾನೇನು ಬಿಟ್ಟಿದೀನಿ ಅಂತ. ನಂಗೆ ಸಾಯೋಕೆ ಭಯ ಇಲ್ಲ ಸೈಮಿ. ಆದ್ರೆ ಆಚೆ ಏನಿದೆ ಅಂತ ನೋಡ್ಬೇಕು. ಐವತ್ತನಾಲ್ಕಾದ್ಮೇಲೆ ಹೇಗಿರತ್ತೆ ಅಂತ. ನಮ್ಮನೇಲಿ ಯಾರೂ ನೋಡಿಲ್ವಲ್ಲ."

ನಾನು ಅಲ್ಲೇ ಅತ್ತುಬಿಟ್ಟೆ. ಅವರ ಕೈ ಹಿಡಿದುಕೊಂಡು ಕೂತೆ. ವೇಯ್ಕೊನ ಲೋಟದ ಕಾಫಿಯನ್ನು ಇಬ್ಬರೂ ಹಂಚಿಕೊಂಡು ಕುಡಿದು ಮನೆಗೆ ಬಂದೆವು.

ಸೌನಾ ಬಾಗಿಲಿನ ಮೇಲೆ ಹೊಸ ಅಂಕಿ ಏಳು ಎಂಟು. ಒಂದೂವರೆ ತಿಂಗಳಲ್ಲಿ ಬರೀ ಒಂದು ಕೂದಲಷ್ಟು. ಹಬ್ಬಕ್ಕೆ ಎರಡು ತಿಂಗಳಿದೆ.

ಇನ್ನೊಂದು ಸುದ್ದಿ, ನಿನಗೆ ಹೇಳಲೋ ಬೇಡವೋ ಎಂದಿದ್ದೆ. ಅಮ್ಮನ ತಾಮ್ರದ ಕಾಫಿ ಪಾತ್ರೆಯ ಕಲಾಯಿ ಹೋಗಿ ಒಳಗೆ ಕೆಂಪಗೆ ಕಾಣುತ್ತಿತ್ತು. ಯೊಯೆನ್ಸೂ ಪಟ್ಟಣದ ಕಲಾಯಿಯವನಿಗೆ ಕೊಟ್ಟಿದ್ದೇನೆ. ಮುದುಕ, ಕೈತುಂಬ ಕೆಲಸ, ಜೂನಿನವರೆಗೆ ಆಗುವುದಿಲ್ಲವೆಂದ. ಹಾಲಿನ ಪಾತ್ರೆಯಲ್ಲಿ ಕಾಫಿ ಕುದಿಸಿದರೆ ತೌನೊ ಮೂಗು ಮುರಿದರು. ಬೇರೆ ದಾರಿ ಕಾಣದೆ ನಿನ್ನ ಪೊಟ್ಟಣ ಬಿಚ್ಚಿದೆ. ಪ್ಲಾಸ್ಟಿಕ್ಕಿನ ಆಲಿಕೆ, ಇನ್ನೂರು ಕಾಗದದ ಸೋಸುಕ. ಕಾಗದದಲ್ಲಿ ಪುಡಿ ಹಾಕಿ ಬಿಸಿನೀರು ಹೊಯ್ದರೆ ಕೆಳಗೆ ಕಾಫಿ ಇಳಿಯುತ್ತದೆ. ಬಾಯಿಗೆ ಚರಟ ಸಿಗುವುದಿಲ್ಲ, ರುಚಿಯೂ ಅಷ್ಟಕ್ಕಷ್ಟೆ. ಆದರೂ ಕುಡಿಯುತ್ತಿದ್ದೇವೆ, ಕಾಫಿ ಇಲ್ಲದೆ ಬದುಕುವುದುಂಟೇ?

ನಿನ್ನ ಅಕ್ಕ
ಸೈಮಿ


ಬೊರೋಸ್
8 ಮೇ 1988

ಅಕ್ಕಾ,

ಭಾವನ ಮಾತು ಓದಿ ಗಿರಣಿಯ ಶೌಚಾಲಯದಲ್ಲಿ ಬಾಗಿಲು ಹಾಕಿಕೊಂಡು ಅತ್ತೆ.

ಪೊಟ್ಟಣ ಬಿಚ್ಚಿದೆ ಎಂದು ಬರೆದಿದ್ದೀಯ. ಮೇಲಿನ ಚೀಟಿಯಲ್ಲಿ ಬರೆದಿದ್ದರ ಬಗ್ಗೆ ಒಂದು ಮಾತೂ ಇಲ್ಲ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಇಲ್ತಾ


ಹೊಂಕಾವಾರ
19 ಜೂನ್ 1988

ಇಲ್ತಾ, ನನ್ನ ಬಂಗಾರ,

ಆರು ಪಾಯಿಂಟ್ ಎಂಟು!

ನನ್ನದು ಆರು ಪಾಯಿಂಟ್ ಏಳು!

ತೌನೊ ಸೌನಾ ಬಾಗಿಲಿನ ಮೇಲೆ ಅಂಗೈಯಗಲದ ಅಂಕಿ ಬರೆದಿದ್ದಾರೆ, ಹೆಲ್ವಿಗೆ ಬೇಲಿಯಿಂದ ಕಾಣಲಿ ಎಂದು. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಕೈಸು ತಲೆ ಕೆರೆದುಕೊಂಡು ಕೂತಳು. "ಏಪ್ರಿಲ್‌ನಿಂದ ಈಚೆಗೆ ಹೊಸದಾಗಿ ಏನ್ ಬಿಟ್ರಿ?" ಏನೂ ಇಲ್ಲ. "ಹೊಸದಾಗಿ ಏನ್ ತಿಂದ್ರಿ?" ಏನೂ ಇಲ್ಲ. ಹಿಮ ಕರಗಿ ಸ್ಕೀಯೂ ನಿಂತಿತ್ತು, ಅದರ ಬದಲು ನಡಿಗೆ. ಎಲ್ಲ ಅದೇ. ಮಾತಿನ ನಡುವೆ ನಾನು ಕಾಫಿ ಇಳಿಸಿ ಲೋಟಕ್ಕೆ ಹೊಯ್ದೆ. ತೌನೊ ಆಲಿಕೆಯಿಂದ ಕಾಗದ ತೆಗೆದು, ಚರಟ ಕೊಡವಿ, ಕಿಟಕಿಯ ಬೆಳಕಿಗೆ ಹಿಡಿದರು. ಅವರಿಗೆ ಈಗ ಎಲ್ಲವನ್ನೂ ಬೆಳಕಿಗೆ ಹಿಡಿಯುವ ಚಟ.

"ನೋಡಮ್ಮಾ ಕೈಸು, ಇದೇನಿದು ಜಿಡ್ಡಿನ ಹಾಗೆ ಹೊಳೀತಿದೆ?"

ಕೈಸು ಕಾಗದ ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಖಾಲಿಯಿದ್ದ ಒಲೆಯ ಮೂಲೆ ನೋಡಿದಳು.

"ಸೈಮಕ್ಕ, ಆ ದೊಡ್ಡ ಪಾತ್ರೆ ಎಲ್ಲಿ?"

"ಕಲಾಯಿಗೆ ಕೊಟ್ಟಿದೀನಿ. ಏಪ್ರಿಲ್‌ನಲ್ಲಿ."

"ಅದರಲ್ಲಿ ಕುದಿಸಿದ್ದನ್ನ ದಿನಕ್ಕೆಷ್ಟು ಕುಡೀತಿದ್ರಿ?"

"ಯಾರು ಎಣಿಸ್ತಾರೆ? ಹತ್ತಿರಬಹುದು. ಅಥವಾ ಹನ್ನೆರಡು."

"ಪಟ್ಟಿಯಲ್ಲಿ ಒಂದು ಸಲಾನೂ ಬರೆದಿಲ್ವಲ್ಲ!"

"ಕಾಫಿಯನ್ನ ಯಾರಾದ್ರೂ ಪಟ್ಟಿಯಲ್ಲಿ ಬರೀತಾರಾ ಕೈಸು? ಉಸಿರಾಡಿದ್ದನ್ನೂ ಬರೀಬೇಕಾ?"

ಕಾಫಿ ಬೀಜದೊಳಗೆ ಒಂದು ಬಗೆಯ ಜಿಡ್ಡು ಇದೆಯಂತೆ. ಪಾತ್ರೆಯಲ್ಲಿ ಹಾಕಿ ಕುದಿಸಿದರೆ ಅದೆಲ್ಲ ಕಾಫಿಯೊಳಗೇ ಇಳಿಯುತ್ತದೆ, ಕೊಲೆಸ್ಟ್ರಾಲ್ ಏರಿಸುತ್ತದೆ. ಕಾಗದ ಅದನ್ನು ಹಿಡಿದುಕೊಳ್ಳುತ್ತದೆ. ಡಾಕ್ಟರುಗಳು ಇತ್ತೀಚೆಗೆ ಈ ಮಾತು ಆಡುತ್ತಿದ್ದಾರಂತೆ, ಕೈಸು ಸಭೆಯಲ್ಲಿ ಕೇಳಿದ್ದಳಂತೆ. ನಮ್ಮ ಅಡುಗೆಮನೆಗೆ ಬಂದಾಗಲೆಲ್ಲ ಅವಳೂ ಅದೇ ಪಾತ್ರೆಯ ಕಾಫಿ ಎರಡೆರಡು ಲೋಟ ಕುಡಿದೇ ಹೋಗುತ್ತಿದ್ದಳು, ಹೊಳೆದಿರಲಿಲ್ಲ. ಬೆಣ್ಣೆ, ಸಿಗರೇಟು ಬಿಟ್ಟಿದ್ದೇ ದೊಡ್ಡ ಕೆಲಸ, ಉಳಿದದ್ದನ್ನು ಕಾಗದ ಮಾಡಿತು ಎಂದಳು. ಇನ್ನೂ ಇಳಿಯಬೇಕು, ಇಷ್ಟಕ್ಕೇ ಹಿಗ್ಗಬೇಡಿ, ಮುಂದೆ ಏರಿದರೆ ಮಾತ್ರೆಗೆ ಹಟ ಮಾಡಕೂಡದು ಎಂದು ಇವರ ಕಿವಿ ಹಿಂಡಿದಳು. ಇವರು ಒಪ್ಪಿದರು. "ಈ ಸಲ ಮುಚ್ಚಳ ತೆಗೀತೀನಮ್ಮಾ," ಎಂದರು.

ಆಮೇಲೆ ನಾನು ಹಟ್ಟಿಗೆ ಹೋಗಿ ಹಸುಗಳ ನಡುವೆ ನಿಂತೆ. ಎಲ್ಲಿ ಸೋರುತ್ತಿದೆ ಎಂದು ಹೆಲ್ವಿಯ ಮನೆಯವರೆಗೆ ಹುಡುಕಿದೆ. ಸುರಿಯುತ್ತಿದ್ದವಳು ನಾನೇ. ಫ್ಲಾಸ್ಕು ತುಂಬಿ ಕೈಗೆ ಕೊಟ್ಟು ಕಳಿಸುತ್ತಿದ್ದವಳೂ ನಾನೇ. ವೇಯ್ಕೊ ದಿನಾ ಬೆಳಿಗ್ಗೆ ನಮ್ಮ ಒಲೆಯ ಮುಂದೆ ಕೂತು ಕುಡಿಯುತ್ತಿದ್ದ, "ಸೈಮಿ, ಇನ್ನೊಂದ್ ಚೂರು," ಎನ್ನುತ್ತಿದ್ದ. ಕೈಸು ಹೇಳುತ್ತಾಳೆ, ಬರೀ ಕಾಫಿಯಿಂದ ಯಾರೂ ಸಾಯುವುದಿಲ್ಲ ಎಂದು. ಇರಬಹುದು. ಆದರೂ ಅವನ ಲೋಟ ಕಣ್ಣಿಗೆ ಕಟ್ಟಿದೆ.

ಪಾತ್ರೆ ನಿನ್ನೆ ವಾಪಸ್ಸು ಬಂತು. ಅಮ್ಮನ ಕಾಲದಲ್ಲೂ ಹೀಗೆ ಹೊಳೆದಿರಲಿಲ್ಲ. ಅದಕ್ಕಾಗಿ ನಿನ್ನ ಜೊತೆ ನಾಲ್ಕು ವರ್ಷ ಮಾತು ಬಿಟ್ಟೆ. "ಸ್ವೀಡನ್ನಲ್ಲಿ ನಿಂಗ್ಯಾಕೆ ತಾಮ್ರದ ಪಾತ್ರೆ?" ಎಂದು ಅಮ್ಮನ ಮಣ್ಣು ಆರುವ ಮುಂಚೆ ನಿನ್ನ ಕೈಯಿಂದ ಕಿತ್ತುಕೊಂಡೆ. ಅಮ್ಮನ ಮನೆಯಿಂದ ನೀನು ಕೇಳಿದ್ದು ಅದೊಂದನ್ನೇ. ನನ್ನದು ತಪ್ಪು, ಇಲ್ತಾ. ಆಗಲೇ ಗೊತ್ತಿತ್ತು.

ಒಂದೇ ಪ್ರಶ್ನೆ ಕೇಳುತ್ತೇನೆ. ಕಾಗದದ ವಿಷಯ ನಿನಗೆ ಮೊದಲೇ ಗೊತ್ತಿತ್ತೇ? ಅದಕ್ಕೇ ಕಳಿಸಿದ್ದೆಯಾ?

ನಿನ್ನ
ಸೈಮಿ


ಬೊರೋಸ್
3 ಜುಲೈ 1988

ಅಕ್ಕಾ,

ಗೊತ್ತಿತ್ತು ಎಂದು ಬರೆದರೆ ಭಾವನ ಪ್ರಾಣ ಉಳಿಸಿದ ತಂಗಿಯಾಗುತ್ತೇನೆ. ಎರಡು ಸಲ ಹಾಗೇ ಬರೆದೆ, ಎರಡು ಸಲವೂ ಹರಿದೆ.

ಗೊತ್ತಿರಲಿಲ್ಲ. ಹೊಟ್ಟೆ ಉರಿಯಿಂದ ಕಳಿಸಿದ್ದು. ಚೀಟಿಯಲ್ಲಿ ಏನು ಬರೆದಿದ್ದೆ ಎಂದು ನಿನಗೂ ನೆನಪಿದೆ: "ಅಮ್ಮನ ಪಾತ್ರೆ ಸಿಗದವರು ಹೀಗೆ ಕಾಫಿ ಮಾಡಿಕೊಳ್ಳುತ್ತಾರೆ." ಕ್ರಿಸ್‌ಮಸ್ ದಿನ ಅದನ್ನು ಓದಿ ನಿನ್ನ ಕಣ್ಣಲ್ಲಿ ನೀರು ಬರಲಿ ಎಂದೇ ಅಂಗಡಿಯಲ್ಲಿ ಹುಡುಕಿ ಕೊಂಡಿದ್ದೆ. ನನ್ನ ಪಟ್ಟಿಯಲ್ಲೂ ಕಾಫಿ ಇರಲಿಲ್ಲ, ನೋಡಿದೆಯಾ? ದಿನಕ್ಕೆ ಎಂಟು ಲೋಟ, ಎಲ್ಲ ಕಾಗದದ್ದೇ. ಬರೆದಿದ್ದರೆ ಮಾರ್ಚಿನಲ್ಲೇ ಗೊತ್ತಾಗುತ್ತಿತ್ತೇನೋ. ಗಡಿಯಾರ ಬಿಚ್ಚಿದವಳು ಕಣ್ಣೆದುರಿನ ಲೋಟ ನೋಡಲಿಲ್ಲ.

ಕೆಟ್ಟ ಮನಸ್ಸಿನಿಂದ ಕೊಟ್ಟದ್ದು ಒಳ್ಳೆಯದು ಮಾಡಿತು. ಇದನ್ನು ಯಾವ ಕಡೆಗೆ ಬರೆದುಕೊಳ್ಳುವುದೋ ನನಗೆ ತಿಳಿಯುವುದಿಲ್ಲ. ನನಗೆ ನಾಚಿಕೆಯಾಗಿದೆ, ಸಂತೋಷವೂ ಆಗಿದೆ.

ಭಾವನ ಹುಟ್ಟುಹಬ್ಬಕ್ಕೆ ಬರುತ್ತಿದ್ದೇನೆ. ಗಿರಣಿಯಲ್ಲಿ ರಜೆ ಹೇಳಿಯಾಗಿದೆ. ಪಾತ್ರೆ ನನಗೆ ಬೇಡ, ಅದು ನಿನ್ನ ಒಲೆಯ ಮೇಲೇ ಇರಲಿ. ಆದರೆ ಆ ದಿನ ಒಂದೇ ಒಂದು ಸಲ ಅದರಲ್ಲಿ ಕುದಿಸು. ಅಮ್ಮನ ಮನೆಯ ವಾಸನೆ ನೋಡಿ ನಾಲ್ಕು ವರ್ಷವಾಯಿತು.

ನಿನ್ನ ತಂಗಿ
ಇಲ್ತಾ


ಹೊಂಕಾವಾರ
15 ಆಗಸ್ಟ್ 1988, ಸಂಜೆ

ಇಲ್ತಾ,

ನಾನು ಕಾಗದ ಬರೆಯುವವನಲ್ಲ, ಅಕ್ಷರ ವಕ್ರವಿದ್ದರೆ ನಗಬೇಡ. ಬೆಳಿಗ್ಗೆ ನಿನ್ನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಸೈಮಿ ಒಂದೇ ಸಮನೆ ನಗುತ್ತಿದ್ದಾಳೆ. ಕಾರಣ ನಿನಗೆ ಹಡಗಿನಲ್ಲಿ ಗೊತ್ತಾಗಿರಬೇಕು. ಪೆಟ್ಟಿಗೆ ಇಷ್ಟು ಭಾರ ಯಾಕೆ ಎಂದು ನೀನು ಕೇಳಿದಾಗ ಆಲೂಗಡ್ಡೆ ಎಂದು ನಾನೇ ಸುಳ್ಳು ಹೇಳಿದೆ. ಅಮ್ಮನ ಪಾತ್ರೆಯಲ್ಲಿ ಕುದಿಸಬೇಡ, ಕಿಟಕಿಯಲ್ಲಿಟ್ಟು ಹೂವು ಹಾಕು ಎಂದು ಸೈಮಿ ಹೇಳಿ ಬರೆಸುತ್ತಿದ್ದಾಳೆ. ವರ್ಷಕ್ಕೊಂದು ಸಲ ಕುದಿಸಿದರೆ ತಪ್ಪಿಲ್ಲ ಎಂದು ನಾನು ಸೇರಿಸುತ್ತಿದ್ದೇನೆ.

ನೀನು ಹೋದ ಮೇಲೆ ಕಾಡಿಗೆ ನಡೆದುಹೋದೆ. ಒಂದೇ ಲೋಟ ಒಯ್ದಿದ್ದೆ. ವೇಯ್ಕೊಗೆ ಹೇಳಿದೆ: ನೋಡಪ್ಪಾ, ನಿನ್ನೆಗೆ ಐವತ್ತನಾಲ್ಕು. ಇವತ್ತು ಐವತ್ತನಾಲ್ಕು ಮತ್ತೆ ಒಂದು ದಿನ. ಈ ದಿನವನ್ನು ನೀನೂ ನೋಡಿಲ್ಲ, ದೊಡ್ಡಣ್ಣನೂ ನೋಡಿಲ್ಲ, ಅಪ್ಪನೂ ನೋಡಿಲ್ಲ.

ಹೇಗಿದೆ ಎಂದು ನೀನು ಕೇಳುತ್ತೀಯ, ಕೇಳುವವಳೇ ನೀನು. ಆದ್ದರಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಮಂಜು ಕವಿದಿತ್ತು, ಆಮೇಲೆ ಬಿಸಿಲು ಬಂತು. ಏಳನೇ ಹಸು ಕರು ಹಾಕುವ ಹಾಗಿದೆ. ನೀಲಿ ಹಣ್ಣು ಕೆರೆಯ ಆಚೆ ಬದಿ ಬಹಳ ಬಿಟ್ಟಿದೆ, ನಾಳೆ ಸೈಮಿಯ ಜೊತೆ ಬುಟ್ಟಿ ತೆಗೆದುಕೊಂಡು ಹೋಗುತ್ತೇನೆ. ಮಧ್ಯಾಹ್ನ ಓಟ್ಸ್ ಗಂಜಿ ಸ್ವಲ್ಪ ಸೀದುಹೋಗಿತ್ತು, ತಿಂದೆ.

ನಿನ್ನ ಭಾವ
ತೌನೊ